ಏಳು ತರಕಾರಿಗಳ ಹಲಗೆ

ಎಡಗೈಯ ಉಂಗುರಬೆರಳು ಮತ್ತೆ ತಪ್ಪು ಗುಂಡಿಯ ಮೇಲೆ ಬಿತ್ತು. ಅವಳು ಅಳಿಸಿದಳು, ಮತ್ತೆ ಒತ್ತಿದಳು, ಈ ಸಲ ಸರಿಯಾಗಿ ಬಿತ್ತು. ಸರಿಯಾಗಿ ಬಿದ್ದದ್ದು ಬೆರಳಿನ ಗುಣವೋ, ತಾನು ಅದನ್ನು ದಿಟ್ಟಿಸುತ್ತಿದ್ದ ಕಾರಣವೋ ತಿಳಿಯಲಿಲ್ಲ. ಮೂವತ್ತು ವರ್ಷ ಕೈಯ ಕಡೆ ನೋಡದೆ ಟೈಪು ಮಾಡಿದವಳು ಈ ಮೂರು ವಾರಗಳಿಂದ ಕಂಪ್ಯೂಟರಿನ ಪರದೆಯನ್ನು ಬಿಟ್ಟು ಬೆರಳುಗಳನ್ನೇ ನೋಡುತ್ತಿದ್ದಳು, ಹೊಸ ಬಾಡಿಗೆದಾರರ ಮೇಲೆ ಕಣ್ಣಿಟ್ಟ ಮನೆಯೊಡತಿಯ ಹಾಗೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ ಮಿನುಗುತ್ತಿತ್ತು. ಸಂಸ್ಥೆ ಈ ವರ್ಷ ಎಲ್ಲರ ಕಂಪ್ಯೂಟರಿಗೂ ಹಾಕಿಸಿದ್ದು ಅದು. ಯಾರು ಎಷ್ಟು ಹೊತ್ತು ಕೂತರು, ಯಾವ ಫೈಲು ತೆರೆದರು, ನಿಮಿಷಕ್ಕೆ ಎಷ್ಟು ಅಕ್ಷರ ಒತ್ತಿದರು, ಎಷ್ಟು ಅಳಿಸಿದರು, ಎಲ್ಲವನ್ನೂ ಬರೆದಿಟ್ಟುಕೊಂಡು ವಾರಕ್ಕೊಂದು ಪತ್ರ ಕಳಿಸುತ್ತಿತ್ತು. ಈ ಸೋಮವಾರ ಬಂದ ಪತ್ರ ಬಹಳ ವಿನಯದ್ದು: ನಿಮ್ಮ ಬರವಣಿಗೆಯ ವೇಗ ಕಳೆದ ತಿಂಗಳಿಗಿಂತ ಶೇಕಡ ಹದಿನಾಲ್ಕು ಇಳಿದಿದೆ, ನಿಮಗೆ ಯಾವುದಾದರೂ ನೆರವು ಬೇಕೇ? ಕೆಳಗೆ ಎರಡು ಗುಂಡಿ, ಬೇಕು, ಬೇಡ. ಅವಳು ಎರಡನ್ನೂ ಒತ್ತದೆ ಪತ್ರ ಮುಚ್ಚಿದ್ದಳು. ಮುಚ್ಚಿದ್ದನ್ನೂ ಅದು ಬರೆದುಕೊಂಡಿರುತ್ತದೆ. ತನ್ನ ರಕ್ತದಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಗಂಡನಿಗೂ ಇಲ್ಲ, ತಂಗಿಗೂ ಇಲ್ಲ. ಆದರೆ ಈ ಹಸಿರು ಚುಕ್ಕಿಗೆ ಆಗಲೇ ಅನುಮಾನ ಬಂದಿದೆ.

ಬಾಗಿಲು ತಳ್ಳಿಕೊಂಡು ಬೀಗದಮ್ಮ ಬಂದಳು. ಅವಳ ನಿಜ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು. ಪ್ರಯೋಗಾಲಯದ ಶೀತಪೆಟ್ಟಿಗೆಗಳ ಕೀಲಿ, ಕಂಪ್ಯೂಟರುಗಳ ಗುಪ್ತಪದ, ಮಾದರಿಗಳ ಪಟ್ಟಿ ಎಲ್ಲ ಅವಳ ವಶ. ಮೂವತ್ತಾರರ ಹೆಂಗಸು, ನಡೆದರೆ ಸೊಂಟದ ಕೀಲಿಗೊಂಚಲು ಮೊದಲು ಕೇಳಿಸುತ್ತಿತ್ತು. ಕಿಟಕಿಯ ಕರ್ಟನ್ ಸರಿಸಿದಳು, ಬಿಸಿಲು ಮುಖಕ್ಕೆ ಬಿದ್ದದ್ದೇ ಎರಡು ಸಲ ಸೀನಿದಳು.

"ನಿನ್ನ ಮೂಗಿಗೂ ಸೂರ್ಯನಿಗೂ ಏನೋ ಹಳೇ ಜಗಳ," ಎಂದಳು ಅವಳು, ಕೂತಲ್ಲಿಂದಲೇ. ದಿನಾ ಆಡುವ ಮಾತೇ. ಆದರೆ ಇವತ್ತು ಬಾಯಿಂದ ಒಣಗಿ ಬಂತು.

"ನಮ್ಮಮ್ಮನಿಗೂ ಹೀಗೇ ಇತ್ತು ಮೇಡಂ. ಹೊಸ್ತಿಲು ದಾಟಿದ್ರೆ ಬೀದಿಗೆಲ್ಲ ಗೊತ್ತಾಗ್ತಿತ್ತು," ಎಂದು ಬೀಗದಮ್ಮ ಮೂಗೊರಸಿಕೊಂಡಳು. ಹೋಗುವ ಮುಂಚೆ ಮೇಜಿನ ಕಡೆ ಒಂದು ಗಳಿಗೆ ನೋಡಿದಳು. "ನಾಲ್ಕು ಗಂಟೆಗೆ ತರಕಾರಿ ಓಡಿಸ್ತಾರಂತೆ. ಏಳೂ ಫೈಲು ಒಟ್ಟಿಗೆ, ಸಭೆಯ ಗೋಡೆ ಮೇಲೆ."

"ಗೊತ್ತು."

ಬೀಗದಮ್ಮ ಬಾಗಿಲು ಎಳೆದುಕೊಂಡು ಹೋದಳು. ಮೇಜಿನ ಮೇಲೆ ಅವಳು ನೋಡಿದ್ದೇನು? ಕೀಬೋರ್ಡನ್ನೇ ಇರಬೇಕು. ಹೋದ ವಾರ ಒಂದು ಬೆಳಿಗ್ಗೆ ಬಂದಾಗ ಹಳೆಯದರ ಜಾಗದಲ್ಲಿ ಮೆತ್ತಗಿನ ಗುಂಡಿಗಳ ಹೊಸದೊಂದು ಇತ್ತು. ಕೇಳಿದವರಿಲ್ಲ, ಹೇಳಿದವರಿಲ್ಲ. ಅವಳು ಅದರ ಮುಂದೆ ಕೂತು ಕೆನ್ನೆ ಬಿಸಿಯಾಗುವುದನ್ನು ಸಹಿಸಿಕೊಂಡಿದ್ದಳು. ಯಾರೋ ಗಮನಿಸಿದ್ದಾರೆ. ಮುದುಕರ ಮನೆಯ ಬಚ್ಚಲಿಗೆ ಸದ್ದಿಲ್ಲದೆ ಹಿಡಿಕೆ ಹಾಕಿಸುವ ಹಾಗೆ ಯಾರೋ ತನಗೆ ಮೆತ್ತಗಿನ ಕೀಬೋರ್ಡು ಹಾಕಿಸಿದ್ದಾರೆ. ನನಗಿನ್ನೂ ಐವತ್ತನಾಲ್ಕು, ಎಂದುಕೊಂಡಳು.

ತರಕಾರಿಯ ಪದ್ಧತಿ ತಂದವಳು ಅವಳೇ, ಹನ್ನೆರಡು ವರ್ಷದ ಹಿಂದೆ. ಜೀನು ಓದುವ ಹೊಸ ಯಂತ್ರ ಬಂದರೆ ಅದನ್ನು ಪರೀಕ್ಷಿಸಬೇಕು. ನಂಬಿ ಎಂಜಲು ಕೊಟ್ಟ ಹೊರಗಿನವರ ಮಾದರಿಯನ್ನು ಅದಕ್ಕೆ ಹಾಳುಮಾಡುವಂತಿಲ್ಲ. ಹಾಗಾಗಿ ಪ್ರಯೋಗಾಲಯದ ಏಳು ಜನವೇ ಸಣ್ಣ ಕೊಳವೆಗಳಲ್ಲಿ ಉಗುಳಿ ಕೊಡುತ್ತಿದ್ದರು. ಸ್ಟೀಲು ಡಬ್ಬಿಯಿಂದ ಚೀಟಿ ಎತ್ತುವುದು, ಚೀಟಿಯಲ್ಲಿ ಬಂದ ತರಕಾರಿಯ ಹೆಸರನ್ನು ಕೊಳವೆಗೆ ಅಂಟಿಸುವುದು, ಚೀಟಿ ಹರಿಯುವುದು; ಯಂತ್ರ ಓದಿದ್ದು ಅದೇ ಹೆಸರಿನ ಫೈಲಿಗೆ. ದೊಡ್ಡ ಶೀತಪೆಟ್ಟಿಗೆಯ ಬಾಗಿಲ ಮೇಲೆ ಒಂದು ಬಿಳಿ ಹಲಗೆ: ಬದನೆ, ಬೆಂಡೆ, ಸೌತೆ, ಮೂಲಂಗಿ, ಕುಂಬಳ, ಹಾಗಲ, ಅವರೆ. ಅದರ ಕೆಳಗೆ ಅವಳ ದುಂಡಗಿನ ಅಕ್ಷರದಲ್ಲಿ ಮೂರು ನಿಯಮ. ಯಾರ ತರಕಾರಿ ಯಾವುದೆಂದು ಕೇಳಬಾರದು. ಯಾವ ಫೈಲನ್ನೂ, ತನ್ನದನ್ನೂ, ತೆರೆದು ಓದಬಾರದು. ಬೇಡವೆನಿಸಿದವರು ಯಾವಾಗ ಬೇಕಾದರೂ ಹಲಗೆಯ ಮೇಲಿನ ಹೆಸರು ಒರೆಸಬಹುದು, ಕಾರಣ ಹೇಳಬೇಕಿಲ್ಲ. ಅಂದೇ ಫೈಲನ್ನು ನಾಶ ಮಾಡತಕ್ಕದ್ದು. ಮೂರು ನಿಯಮವನ್ನೂ ಎಲ್ಲರೂ ಪಾಲಿಸಿದ್ದರು, ಅಂಕಿಸಂಖ್ಯೆ ನೋಡುವ, ಎಲ್ಲರೂ ಮೇಷ್ಟ್ರು ಎಂದು ಕರೆಯುವ ಹುಡುಗಾಟದವನೊಬ್ಬನನ್ನು ಬಿಟ್ಟು. ಅವನಿಗೆ ಹಾಗಲಕಾಯಿ ಬಂದಿತ್ತು. ನನ್ನ ಹೆಂಡತಿಗೆ ಮೊದಲೇ ಗೊತ್ತಿತ್ತು ಎಂದು ಅವನೇ ಸಾರಿಕೊಂಡು ಬಂದಿದ್ದ.

ಮತ್ತೆ, ಅವಳನ್ನು ಬಿಟ್ಟು. ಮೂರು ವಾರದ ಹಿಂದೆ ಮುರಿದದ್ದು ಎಷ್ಟು ಸಣ್ಣ ಆಸೆಗೆ. ಗುಣಲಕ್ಷಣಗಳ ಮೇಲೆ ಕಾಲೇಜಿನ ಮಕ್ಕಳಿಗೆ ಒಂದು ಭಾಷಣ ಮಾಡಬೇಕಿತ್ತು, ತನ್ನದೇ ಉದಾಹರಣೆ ಕೊಟ್ಟರೆ ಚೆನ್ನ ಎನಿಸಿತು. ತನಗೆ ಬಂದಿದ್ದ ಸೌತೆಕಾಯಿಯ ಫೈಲು ತೆರೆದಳು. ರುಚಿ ಪರೀಕ್ಷೆಯ ಕಹಿ ಕಾಗದ ನೆಕ್ಕಿದರೆ ತೀರಾ ಕಹಿಯೆನಿಸುತ್ತದೆ ಎಂದಿತ್ತು. ಅವಳಿಗೆ ಆ ಕಾಗದ ಎಂದೂ ಬರೀ ಕಾಗದ. ಬಿಸಿಲಿಗೆ ಸೀನು ಬರುವ ಸಂಭವ ಹೆಚ್ಚು ಎಂದಿತ್ತು. ಬಂದದ್ದಿಲ್ಲ. ಅವಳು ನಕ್ಕು ಮುಂದೆ ಹೋದಳು. ಗುಣ ಎಂದರೆ ಸಂಭವ, ತೀರ್ಪಲ್ಲ, ಎಂದು ಇಪ್ಪತ್ತೈದು ವರ್ಷ ಹೇಳಿ ಹೇಳಿ ಆ ವಾಕ್ಯವನ್ನು ತಾನೇ ನಂಬಿಬಿಟ್ಟಿದ್ದಳು. ವಿದ್ಯಾರ್ಥಿನಿಯೊಬ್ಬಳು ಇಂಥ ಫೈಲು ತಂದಿದ್ದರೆ, ಮೊದಲು ಈ ಕೊಳವೆ ನಿನ್ನದೇ ಹೌದೋ ನೋಡು ಎಂದು ಗದರಿಸಿರುತ್ತಿದ್ದಳು. ತನ್ನನ್ನು ತಾನು ಗದರಿಸಿಕೊಳ್ಳಲಿಲ್ಲ. ಭಾಷಣಕ್ಕೆ ಬೇಕಾದದ್ದು ಸಿಕ್ಕಿತ್ತು, ಫೈಲು ಮುಚ್ಚಬಹುದಿತ್ತು. ಬೆರಳು ಸುಮ್ಮನೆ ಕೆಳಗೆ ಜಾರಿತು. ಅಲ್ಲಿ ಒಂದು ಜೀನಿನೊಳಗೆ ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬಂದಿತ್ತು. ಮೂವತ್ತೈದು ಸಲದ ಒಳಗೆ ಬಂದರೆ ಚಿಂತೆಯಿಲ್ಲ. ಇಲ್ಲಿ ನಲವತ್ತೊಂದು. ಯಾವ ಕಾಯಿಲೆಯೆಂದು ಅವಳಿಗೆ ಪುಸ್ತಕ ನೋಡಬೇಕಿರಲಿಲ್ಲ: ನಡುವಯಸ್ಸು ದಾಟುವಾಗ ಮೊದಲು ಬೆರಳು, ಆಮೇಲೆ ನಡಿಗೆ, ಆಮೇಲೆ ಕೋಪ, ಮರೆವು, ಕೊನೆಗೆ ಮಾತು. ಮದ್ದಿಲ್ಲ. ತಂದೆಯಿಂದಲೋ ತಾಯಿಯಿಂದಲೋ ಬರುತ್ತದೆ, ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಹೋಗುತ್ತದೆ. ಇಲ್ಲಿ ಸಂಭವ ಎಂಬ ಮಾತಿಗೆ ಜಾಗವಿರಲಿಲ್ಲ.

ಅಂದಿನಿಂದ ಅಪ್ಪ ದಿನವೂ ನೆನಪಿಗೆ ಬರುತ್ತಿದ್ದರು. ಅವಳಿಗೆ ಹತ್ತೊಂಬತ್ತು, ಕಾಲೇಜಿನಲ್ಲಿ ಬಹುಮಾನ ಬಂದ ದಿನ, ಪ್ರಿನ್ಸಿಪಾಲರ ಕೋಣೆಯಲ್ಲಿ ಅಪ್ಪ ಕುರ್ಚಿಯ ತುದಿಗೆ ಕೂತಿದ್ದಾರೆ, ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದವರು, ಕಾಲರು ತಿರುಗಿಸಿ ಹೊಲಿಸಿದ ಬಿಳಿ ಅಂಗಿ. ಯಾರೋ ಚಹಾದ ಕಪ್ಪು-ಬಸಿ ಕೊಟ್ಟರು. ಬಸಿಯ ಮೇಲೆ ಕಪ್ಪು ಕಟಕಟ ಅನ್ನತೊಡಗಿತು, ಕೋಣೆಯೆಲ್ಲ ಸುಮ್ಮನಾಗುವಷ್ಟು ಹೊತ್ತು, ಆಮೇಲೆ ಚಹಾ ಅಂಗಿಯ ಮೇಲೆ. ಅವಳೂ ಗೆಳತಿಯರೂ ಬಾಗಿಲಲ್ಲಿ ನಿಂತಿದ್ದರು. ಅವಳು ನಕ್ಕಳು. ಮಗಳಿಗೆ ಕಷ್ಟವಾಗದಿರಲೆಂದು ಅಪ್ಪನೂ ನಕ್ಕರು. ಮತ್ತೆ ಆ ಕಾಲೇಜಿನ ಕಡೆ ಅವರು ಬರಲಿಲ್ಲ. ಎರಡು ವರ್ಷಕ್ಕೆ ಲಾರಿಯೊಂದು ಅವರ ಸೈಕಲ್ಲಿಗೆ ಬಡಿಯಿತು. ಕಾಯಿಲೆ ಪೂರ್ತಿ ಹೊರಬರುವಷ್ಟು ವಯಸ್ಸೇ ಅವರಿಗೆ ಆಗಲಿಲ್ಲ, ಎಂದು ಈ ಮೂರು ವಾರದಲ್ಲಿ ಅವಳು ಲೆಕ್ಕ ಹಾಕಿದ್ದಳು. ಕಾಯಿಲೆಯವರನ್ನು ನೋಡಿ ನಕ್ಕೆನಲ್ಲಾ ಎಂದು ಮೊದಲು ಒಳಗೆ ಉರಿಯಿತು. ದಿನ ಕಳೆದಂತೆ ಆ ಉರಿಯ ಒಳಗೇ ಒಂದು ತಂಪು ಸಿಕ್ಕಿತು: ಹಾಗಾದರೆ ಅಪ್ಪ ದೊಡ್ಡವರ ಎದುರು ಹೆದರಿದ್ದಲ್ಲ, ಕುಗ್ಗಿದ್ದಲ್ಲ. ನರದ ದೋಷ, ಅಷ್ಟೇ. ಅಪ್ಪನಿಗೆ ಅದನ್ನು ಕೊಟ್ಟು, ತಾನೂ ಅದನ್ನೇ ತೆಗೆದುಕೊಂಡು, ಇಬ್ಬರೂ ಒಂದು ಕೊಡೆಯ ಕೆಳಗೆ ನಿಂತ ಹಾಗೆ ಇದ್ದಳು.

ಇವತ್ತು ಒಂದು ಗಂಟೆಗೆ ತಂಗಿಗೆ ಹೇಳುವುದೆಂದು ನಿಶ್ಚಯವಾಗಿತ್ತು. ತಂಗಿಯ ಮಗಳು ಈಗ ಐದು ತಿಂಗಳ ಬಸುರಿ. ಹೇಳದಿದ್ದರೆ ಮೋಸ. ಹೇಳಿದರೆ? ತಂಗಿ ಜನ್ಮದಲ್ಲಿ ಒಂದು ರಕ್ತಪರೀಕ್ಷೆಗೂ ಕೈ ಒಡ್ಡಿದವಳಲ್ಲ. ಬರೋದು ಬರ್ಲಿ, ಮೊದಲೇ ಕಾಗದ ಹಾಕಿ ಕರೆಸ್ಕೊಳ್ಳೋದು ಯಾಕೆ ಎನ್ನುವವಳು. ನಿನಗೆ ತಿಳಿಯಬೇಕೇ ಎಂದು ಮೊದಲು ಕೇಳಬೇಕು, ಅದೇ ಸರಿಯಾದ ಕ್ರಮ, ಒಪ್ಪಿಗೆ ಪತ್ರದಲ್ಲಿ ಆ ಸಾಲು ಬರೆದವಳು ಅವಳೇ. ಈಗ ನೋಡಿದರೆ ಆ ಸಾಲಿಗೆ ಅರ್ಥವೇ ಇರಲಿಲ್ಲ. ಕೇಳಿದರೇ ಹೇಳಿದಂತೆ. ತಿಳಿಯಬೇಕೇ ಎಂದು ಅಕ್ಕ ನಡುಮಧ್ಯಾಹ್ನ ಫೋನು ಮಾಡಿ ಕೇಳಿದರೆ, ತಿಳಿಯಲು ಏನೋ ಇದೆ ಎಂದು ಯಾವ ತಂಗಿಗೆ ತಿಳಿಯುವುದಿಲ್ಲ? ಒಂದಕ್ಕೆ ಹತ್ತು ನಿಮಿಷ ಇರುವಾಗ ಅವಳು ಫೋನನ್ನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಕೈ ನಡುಗುತ್ತಿದೆಯೋ ಎಂದು ನೋಡಿದಳು. ನಡುಗುತ್ತಿತ್ತು.

"ಮೇಡಂ, ಬಾಗಿಲು ಹಾಕ್ಲಾ?"

ಬೀಗದಮ್ಮ. ಗೊಂಚಲಿನ ಸದ್ದೇ ಬಂದಿರಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿದ್ದಳು.

"ಏನು, ಈಗಲೇ ಆಗ್ಬೇಕಾ?"

"ಈಗಲೇ. ಒಂದು ತಪ್ಪು ಒಪ್ಕೋಬೇಕು." ಬೀಗದಮ್ಮ ಕೂರಲಿಲ್ಲ. "ಮೂರು ತಿಂಗಳ ಹಿಂದೆ ನಾವು ಟ್ಯೂಬು ತುಂಬಿಸಿದ ದಿನ ನೀವು ಹಲ್ಲಿನ ಡಾಕ್ಟರ ಹತ್ರದಿಂದ ನೇರ ಬಂದಿದ್ರಿ. ಬಾಯಿ ಮರಗಟ್ಟಿತ್ತು. ಕಾಲು ಗಂಟೆ ಕೂತ್ರೂ ಬರೀ ನೊರೆ."

ನೆನಪಿತ್ತು. ಇಷ್ಟು ಮಾತಾಡೋ ಬಾಯಲ್ಲಿ ಎಂಜಲಿಗೇ ಬರಗಾಲವಾ ಮೇಡಂ, ಎಂದು ಮೇಷ್ಟ್ರು ಕೇಳಿದ್ದ, ಎಲ್ಲರೂ ನಕ್ಕಿದ್ದರು, ತುಟಿಯ ಅಂಚಿನಿಂದ ಜೊಲ್ಲು ಗದ್ದಕ್ಕಿಳಿದದ್ದು ತನಗೇ ಗೊತ್ತಾಗಿರಲಿಲ್ಲ, ಬೀಗದಮ್ಮ ಯಾರಿಗೂ ಕಾಣದಂತೆ ಕರವಸ್ತ್ರ ಕೊಟ್ಟಿದ್ದಳು. ಅಷ್ಟರಲ್ಲಿ ನಿರ್ದೇಶಕರು ಕರೆದರೆಂದು ಕೊಳವೆಯನ್ನು ಹಾಗೇ ಬಿಟ್ಟು ಹೋಗಿದ್ದಳು. ವಾಪಸು ಬಂದಾಗ ಏಳೂ ಕೊಳವೆ ಪೆಟ್ಟಿಗೆ ಸೇರಿದ್ದವು.

"ಮತ್ತೆ ನಿಮ್ಮನ್ನ ಎಲ್ಲರ ಮುಂದೆ ಕರೆದು ಉಗುಳಿ ಅನ್ನಕ್ಕೆ ನನಗೆ ಮನಸ್ಸು ಬರ್ಲಿಲ್ಲ. ನಿಮ್ಮದನ್ನ ಚೆಲ್ಲಿದೆ. ಹೊಸ ಟ್ಯೂಬಿಗೆ ಸೌತೆಕಾಯಿ ಚೀಟಿ ಅಂಟಿಸಿ ನಾನೇ ತುಂಬಿಸಿದೆ. ಯಂತ್ರ ಓಡುತ್ತೋ ಇಲ್ವೋ ನೋಡಕ್ಕೆ ತಾನೇ, ಯಾರದ್ದಾದ್ರೇನು ಅಂದ್ಕೊಂಡೆ. ಮೂಲಂಗಿನೂ ನಾನೇ, ಸೌತೆಕಾಯಿನೂ ನಾನೇ."

ಅವಳಿಗೆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಬಾಯಿ ತನ್ನಷ್ಟಕ್ಕೆ ಒರಟಾಗಿ ಕೇಳಿತು, "ನಾಲ್ಕು ಗಂಟೆಗೆ ಏಳೂ ಒಟ್ಟಿಗೆ ಹಾಕಿದ್ರೆ ಎರಡು ಒಬ್ಬರದ್ದೇ ಅಂತ ಗೋಡೆ ಮೇಲೆ ಬರುತ್ತೆ, ಅದಕ್ಕೆ ಈಗ ಹೇಳ್ತಿದೀಯಾ?"

"ಅದೂ ಇದೆ. ಅದೊಂದೇ ಆಗಿದ್ರೆ ಬೈಸ್ಕೊಂಡು ಸುಮ್ನಿರ್ತಿದ್ದೆ." ಬೀಗದಮ್ಮ ನೆಲ ನೋಡಿದಳು. "ಯಾರ್ಯಾರು ಏನ್ ತೆಗ್ದ್ರು ಅನ್ನೋ ವಾರದ ಹಾಳೆ ನನ್ನ ಕೈ ಮೇಲೇ ಹೋಗೋದು ಮೇಡಂ. ನೀವು ಸೌತೆಕಾಯಿ ಹತ್ತೊಂಬತ್ತು ಸಲ ತೆಗ್ದಿದೀರಿ. ಒಂದೇ ಪುಟ. ಆಮೇಲಿಂದ ಬೆರಳು ನೋಡ್ಕೊಂಡು ಟೈಪ್ ಮಾಡ್ತೀರಿ. ಗುಂಡಿ ಗಟ್ಟಿ ಇರ್ಬೇಕು ಅಂತ ಕೀಬೋರ್ಡು ಬದಲಾಯಿಸ್ದೆ. ಅದಲ್ಲ ಅಂತ ಆಮೇಲೆ ಗೊತ್ತಾಯ್ತು. ಲೋಟ ಎತ್ತೋ ಮುಂಚೆ ಉಸಿರು ಹಿಡಿತೀರಿ. ನನಗೆ ನೋಡಕ್ಕಾಗ್ಲಿಲ್ಲ. ಅದರಲ್ಲಿ ಏನೇ ಇರ್ಲಿ, ನೀವು ಹೆದರ್ಬೇಡಿ. ಅದು ನಿಮ್ಮದಲ್ಲ."

ಮೊದಲು ಬಂದದ್ದು ನಿರಾಳ. ತಂಗಿಯ ಮಗಳು, ಅವಳ ಮಗು, ಮುಂದಿನ ವರ್ಷಗಳು, ಎಲ್ಲ ಒಂದೇ ಉಸಿರಿಗೆ ವಾಪಸು ಬಂದವು. ಕಹಿ ಕಾಗದ. ಬಿಸಿಲಿನ ಸೀನು. ನಗು ಬರುವ ಹಾಗಾಯಿತು. ಎದುರಿಗೆ ನಿಂತವಳ ಮುಖ ಕಂಡದ್ದು ಆಮೇಲೆ. ಎಷ್ಟು ಆಮೇಲೆ? ಒಂದು ಕ್ಷಣವೋ ಎರಡೋ. ಆದರೆ ಆ ಎರಡು ಕ್ಷಣ ತಾನು ಬೀಗದಮ್ಮನ ಎದುರು ಕೂತು ಸಂತೋಷಪಟ್ಟಿದ್ದಳು, ಅವಳು ಅದನ್ನು ನಿಂತು ನೋಡಿದ್ದಳು. ಅಮ್ಮನಿಗೂ ಹೀಗೇ ಇತ್ತು ಎಂದಿದ್ದಳು ಬೆಳಿಗ್ಗೆ. ಸೀನಿನ ಮಾತು. ಆ ಅಮ್ಮ ಹೇಗೆ ತೀರಿಕೊಂಡರೆಂದು ಹದಿಮೂರು ವರ್ಷದಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ.

"ನೋಡು," ಎಂದಳು. ನಾಲಿಗೆ ಮರಗಟ್ಟಿದ ಹಾಗಿತ್ತು.

"ಹೇಳ್ಬೇಡಿ." ಬೀಗದಮ್ಮ ಕೈಯೆತ್ತಿದಳು, ಬೀದಿ ದಾಟುವಾಗ ವಾಹನಕ್ಕೆ ತೋರಿಸುವ ಹಾಗೆ. "ಪುಟದ ನಂಬರು ಗೊತ್ತು, ತೆಗ್ದು ನೋಡಿಲ್ಲ. ನೋಡೋದೂ ಇಲ್ಲ. ಬರೋ ಮುಂಚೆ ಎಲ್ಲ ಯೋಚನೆ ಮಾಡ್ಕೊಂಡೇ ಬಂದೆ. ಮಗಳಿಗೆ ಈಗ ಒಂಬತ್ತು. ಅವಳದ್ದು ಒಂದು ದಾರಿ ಆಗ್ಲಿ, ಆಮೇಲೆ ನಾನೇ ಬಂದು ಕೇಳ್ತೀನಿ. ಅಲ್ಲೀವರೆಗೆ..." ಇಲ್ಲಿ ಮಾತ್ರ ಅವಳ ದನಿ ಸ್ವಲ್ಪ ಜಾರಿತು. "ಈಗ ನೋಡ್ತಿದೀರಲ್ಲ, ಆ ಥರ ನೋಡ್ಬೇಡಿ ನನ್ನ. ಅಷ್ಟು ಮಾಡಿ ಸಾಕು."

ಬಾಗಿಲು ಮುಚ್ಚಿತು. ಓಣಿಯಲ್ಲಿ ಗೊಂಚಲಿನ ಸದ್ದು ಈಗ ಕೇಳಿಸಿತು, ದಿನದ ಹಾಗೆ. ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಿತ್ತು.

"ಏನಕ್ಕ, ಒಂದು ಗಂಟೆಗೆ ಮಾತಾಡ್ಬೇಕು ಅಂತ ಮೆಸೇಜು ಹಾಕಿ ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂದಿದೀಯ. ಭಾವನ ಜತೆ ಜಗಳಾನಾ?"

"ಇಲ್ಲ ಕಣೇ." ಏನಾದರೂ ಹೇಳಬೇಕಿತ್ತು. "ಅಪ್ಪ ನಮ್ಮ ಕಾಲೇಜಲ್ಲಿ ಚಹಾ ಚೆಲ್ಕೊಂಡಿದ್ದು ನೆನಪಿದೆಯಾ?"

"ನೆನಪಿಲ್ದೆ ಏನು, ಆ ಅಂಗಿ ತಿಕ್ಕಿ ತೊಳೆದೋಳು ನಾನು. ಇದಕ್ಕಾ ಒಂದು ಗಂಟೆ ಮುಹೂರ್ತ?"

"ಅವರ ಕೈ ಬೇರೆ ಯಾವತ್ತಾದ್ರೂ ನಡುಗಿದ್ದು ನೋಡಿದೀಯಾ?"

"ಅಪ್ಪಂದಾ? ಅಮ್ಮನ ಸೂಜಿಗೆ ಕೊನೇ ತನಕ ದಾರ ಪೋಣಿಸ್ಕೊಟ್ಟಿದ್ದು ಅವರೇ. ಒಂದೇ ಏಟಿಗೆ. ಅವತ್ತು ಹೆದರ್ಕೊಂಡಿದ್ರು ಅಷ್ಟೇ ಪಾಪ. ಬೆಳಿಗ್ಗೆ ನನ್ನ ಮೂರು ಸಲ ಕೇಳಿದ್ರು, ಅಲ್ಲಿ ಏನ್ ಮಾತಾಡ್ಬೇಕು, ಮಗಳಿಗೆ ಅವಮಾನ ಆಗ್ಬಾರ್ದು ಅಂತ."

ಅವಳು ಫೋನಿಟ್ಟಳು. ಕೈ ನಡುಗುತ್ತಿರಲಿಲ್ಲ. ಮೇಜಿನ ಮೇಲೆ ಎರಡೂ ಅಂಗೈ ಊರಿ ನೋಡಿದಳು, ಕಲ್ಲಿನ ಹಾಗಿದ್ದವು, ನಾಚಿಕೆಯಿಲ್ಲದ ಆರೋಗ್ಯ. ಅಪ್ಪನಿಗೆ ಕೊಟ್ಟಿದ್ದ ಕಾಯಿಲೆಯನ್ನು ಅವರು ಮಡಿಸಿ ವಾಪಸು ಇಟ್ಟು ಹೋಗಿದ್ದರು. ಉಳಿದದ್ದು ಕುರ್ಚಿಯ ತುದಿಗೆ ಕೂತ, ಹೆದರಿದ ಒಬ್ಬ ಮನುಷ್ಯ. ಬಾಗಿಲಲ್ಲಿ ನಗುತ್ತಿರುವ ಒಬ್ಬ ಹುಡುಗಿ. ಆ ಕಟಕಟ ಸದ್ದಿಗೆ ಈಗ ಯಾವ ಪುಟದಲ್ಲೂ ಹೆಸರಿಲ್ಲ. ಇವತ್ತು ಬೀಗದಮ್ಮನ ಎದುರು ಎರಡು ಕ್ಷಣ ಸಂತೋಷಪಟ್ಟವಳೂ ಅದೇ ಹುಡುಗಿ.

ನಾಲ್ಕಕ್ಕೆ ಇನ್ನೂ ಕಾಲು ಗಂಟೆಯಿತ್ತು. ಶೀತಪೆಟ್ಟಿಗೆಗಳ ಕೋಣೆಯಲ್ಲಿ ಯಾರೂ ಇರಲಿಲ್ಲ. ಸೌತೆಯನ್ನು ಒರೆಸಬೇಕೆಂದು ಬಂದವಳು ಬಟ್ಟೆ ಎತ್ತಿಕೊಂಡು ನಿಂತಳು. ಸೌತೆಯೊಂದನ್ನೇ ಒರೆಸಿದರೆ ಮೂಲಂಗಿ ಉಳಿಯುತ್ತದೆ, ನಾಳೆ ಯಾರ ಬೆರಳಾದರೂ ಕೆಳಗೆ ಜಾರಬಹುದು. ಎರಡನ್ನು ಒರೆಸಿದರೆ ಎರಡು ಯಾಕೆಂದು ಮೇಷ್ಟ್ರು ಅರ್ಧ ನಿಮಿಷದಲ್ಲಿ ಲೆಕ್ಕ ಹಾಕುತ್ತಾನೆ. ಅವಳು ಬದನೆಯಿಂದ ಶುರುಮಾಡಿ ಏಳನ್ನೂ ಒರೆಸಿದಳು. ಕೊನೆಗೆ ನಿಯಮಗಳನ್ನೂ ಒರೆಸಿದಳು. ಹನ್ನೆರಡು ವರ್ಷದ ಶಾಯಿ, ಮೂರನೆಯ ನಿಯಮ ಸುಲಭಕ್ಕೆ ಹೋಗಲಿಲ್ಲ, ಉಗುಳು ಹಚ್ಚಿ ತಿಕ್ಕಬೇಕಾಯಿತು.

ನಾಲ್ಕರ ಸಭೆಯಲ್ಲಿ ನಿರ್ದೇಶಕರು ಎರಡು ಸಲ ಕೇಳಿದರು. "ಏಳೂ? ಮೂರು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದ್ರಲ್ಲ. ಯಾರನ್ನ ಕೇಳಿ ಮಾಡಿದ್ರಿ?"

"ಕಾರಣ ಹೇಳ್ಬೇಕಿಲ್ಲ ಅಂತ ನಿಯಮ ಇತ್ತು," ಎಂದು ಮೇಷ್ಟ್ರು ನಡುವೆ ಬಾಯಿ ಹಾಕಿದ. "ಈಗ ನಿಯಮಾನೂ ಇಲ್ಲ ಬಿಡಿ."

ಅವಳು ಎದ್ದು ನಿಂತಳು. ಹೇಳಬೇಕಾದ್ದನ್ನು ಓಣಿಯಲ್ಲಿ ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. "ಕಾರಣ ಹೇಳ್ತೀನಿ. ಸೌತೆಕಾಯಿ ಚೀಟಿ ನನಗೆ ಬಂದಿತ್ತು. ಆ ಫೈಲು ತೆಗ್ದು ಓದಿದೆ, ಒಂದ್ಸಲ ಅಲ್ಲ. ನಿಯಮ ಮಾಡಿದವಳೇ ಮುರಿದ ಮೇಲೆ ಬೇರೆಯವರು ನಂಬಿ ಎಂಜಲು ಕೊಡೋ ಹಾಗಿಲ್ಲ. ಏಳೂ ಫೈಲು ಇವತ್ತೇ ಹೋಗ್ಬೇಕು. ಹೊಸ ಯಂತ್ರಕ್ಕೆ ಬೇರೆ ಕಡೆಯಿಂದ ಮಾದರಿ ತರಿಸೋಣ, ತಡವಾದ್ರೆ ತಪ್ಪು ನನ್ನದು ಅಂತ ಬರೀರಿ."

ಕೋಣೆಯಲ್ಲಿ ಆಗ ಆದದ್ದನ್ನು ಅವಳು ಮೊದಲೇ ಊಹಿಸಿದ್ದಳು: ಒಬ್ಬೊಬ್ಬರ ಕಣ್ಣೂ ಅವಳ ಮುಖದಿಂದ ಇಳಿದು, ಮೂರು ವಾರದಿಂದ ತಡವರಿಸುತ್ತಿದ್ದ ಕೈಗೆ ಬಂದು ನಿಂತವು. ಏನು ಓದಿದಳು? ಹತ್ತು ಹತ್ತು ಸಲ ಓದುವಂಥದ್ದು ಏನಿತ್ತು? ನಿರ್ದೇಶಕರ ಎದುರಿನ ಕಾಗದಗಳಲ್ಲಿ ಶೇಕಡ ಹದಿನಾಲ್ಕರ ಪತ್ರವೂ ಇದ್ದೀತು. ಅವಳು ಕೈಯನ್ನು ಸೆರಗಿನೊಳಗೆ ಅಡಗಿಸಲಿಲ್ಲ. ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂತಳು. ಕೊನೆಯ ಕುರ್ಚಿಯಲ್ಲಿ ಬೀಗದಮ್ಮ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ.

ಆಮೇಲೆ ಚಹಾ ಬಂತು. ಎಲ್ಲರೂ ಅವರವರದ್ದು ತಾವೇ ಬಗ್ಗಿಸಿಕೊಳ್ಳುವ ಪದ್ಧತಿ. ಇವತ್ತು ಮೇಷ್ಟ್ರು ಎದ್ದು ಹೋಗಿ ಒಂದು ಲೋಟ ಬಗ್ಗಿಸಿ ತಂದು ಅವಳ ಮುಂದೆ ಇಟ್ಟ. ಏನೂ ತಮಾಷೆ ಮಾಡಲಿಲ್ಲ. ಲೋಟ ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ತುಂಬಿತ್ತು, ಕೈ ನಡುಗಿದರೂ ಚೆಲ್ಲದಷ್ಟು. ಅವನಿಗೆ ಇಷ್ಟು ನಾಜೂಕು ಗೊತ್ತಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಅಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಕಪ್ಪನ್ನು ಅರ್ಧಕ್ಕೆ ತುಂಬಿಸಿಕೊಟ್ಟಿದ್ದರೆ.

ಬೀಗದಮ್ಮ ತಲೆಯೆತ್ತಿ ಲೋಟವನ್ನು ನೋಡುತ್ತಿದ್ದಳು. ಆ ಥರ ನೋಡಬೇಡಿ ಎಂದಿದ್ದಳು. ಹಾಗಾದರೆ ಹೇಗೆ ನೋಡುವುದು? ನಿನ್ನೆ ಹೇಗೆ ನೋಡಿದ್ದೆ?

"ಆ ಕೀಬೋರ್ಡು ತಂದಿದ್ದು ನೀನೇ ತಾನೇ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ, ಗೊಣಗುವ ದನಿಯಲ್ಲಿ. "ಮೆತ್ತಗೆ ಅನ್ನೋದು ಹೆಸರಿಗೆ ಮಾತ್ರ. ಅವಲಕ್ಕಿ ಕುಟ್ಟೋ ಹಾಗೆ ಕುಟ್ಟಬೇಕು."

ಬೀಗದಮ್ಮನಿಗೆ ಒಂದು ಕ್ಷಣ ಹಿಡಿಯಿತು. "ನಿಮಗೆ ಯಾವುದು ತಾನೇ ಸರಿಹೋಗತ್ತೆ ಮೇಡಂ. ನಾಳೆ ಹಳೇದೇ ತಂದಿಡ್ತೀನಿ," ಎಂದಳು, ಅವಳ ಮುಖ ಬಿಸಿಲಿಗೆ ಸೀನುವ ಮುಂಚಿನ ಹಾಗೆ ಸುಕ್ಕಿಟ್ಟು, ಮತ್ತೆ ಸರಿಯಾಯಿತು.

ಕೈ ನಡುಗುತ್ತಿರಲಿಲ್ಲ. ಆದರೂ ಅವಳು ಅರ್ಧ ಲೋಟವನ್ನು ಎರಡೂ ಕೈಯಿಂದ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ, ನಿಧಾನವಾಗಿ ಎತ್ತಿದಳು.